ಹೋಮ್‌ಸ್ಟೇ ವೆಬ್‌ಸೈಟ್ ಕಣ್ಣು ಕಾಣದವರಿಗೂ ಕೆಲಸಕ್ಕೆ ಬರಬೇಕಾದರೆ

ಚಿಕ್ಕಮಗಳೂರು ಕಡೆಯ ಸುಮಾರು ಹೋಮ್‌ಸ್ಟೇಗಳ ಸೈಟು ತೆರೆದರೆ ರೂಮ್ ಬಾಡಿಗೆ, ಊಟದ ವಿವರ, ಫೋನ್ ನಂಬರ್ ಎಲ್ಲ ಒಂದೇ ಪೋಸ್ಟರಿನಲ್ಲಿರುತ್ತದೆ, ವಾಟ್ಸಾಪ್‌ಗೆ ಮಾಡಿಸಿದ್ದನ್ನೇ ಸುಮ್ನೆ ಇಲ್ಲಿಗೂ ಹಾಕಿರುತ್ತಾರೆ. ಪರದೆ ಮೇಲಿನದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಅಲ್ಲಿ ಹೆಚ್ಚಿನ ಸಲ ಕೇಳಿಸುವುದು ‘ಚಿತ್ರ’ ಅಂತ ಮಾತ್ರ. ಮುಳ್ಳಯ್ಯನಗಿರಿ ಗಾಳಿಗೆ ಮೈಯೊಡ್ಡಲು ಅವರಿಗೂ ಆಸೆ ಇರುತ್ತದೆ ಅಲ್ವಾ? ಬಾಡಿಗೆಯನ್ನು ಚಿತ್ರದಲ್ಲಷ್ಟೇ ಬಿಡದೆ ಪುಟದಲ್ಲೇ ಟೈಪ್ ಮಾಡಿ. ಮೊದಲ ಕೆಲಸ ಇದು.

ಆಮೇಲೆ ನೀವೇ ಕೇಳಿ ನೋಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಆಕ್ಸೆಸಿಬಿಲಿಟಿ ಒಳಗೆ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಇದೆ. ಆನ್ ಮಾಡಿದರೆ ಒಂದು ಸಲ ಮುಟ್ಟಿದ್ದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ಅದು ಕನ್ನಡವನ್ನೂ ಓದುತ್ತದೆ. ಕಣ್ಣು ಮುಚ್ಚಿಕೊಂಡು ನಿಮ್ಮದೇ ಸೈಟಿನಲ್ಲಿ ಒಂದು ರೂಮ್ ಬುಕ್ ಮಾಡಿ.

ಕನ್ನಡ ಇದ್ದರೂ ಅರ್ಥವಿಲ್ಲದ ಸದ್ದು ಕೇಳಿಸಿತಾ? ಹಾಗಾದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬಹುದು, ನೋಡಲು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಕನ್ವರ್ಟರಿನಲ್ಲಿ ಅದನ್ನು, ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡ್‌ಗೆ ಬದಲಿಸಿ. ಪುಟದ ಭಾಷೆ ಕನ್ನಡ ಅಂತ ಕೋಡಿನ ಲ್ಯಾಂಗ್ ಜಾಗದಲ್ಲಿ ಹೇಳಿ, ಇಲ್ಲದಿದ್ದರೆ ಕೆಲವು ರೀಡರ್‌ಗಳು ಇಂಗ್ಲಿಷ್ ದನಿಯಲ್ಲೇ ಓದಲು ನೋಡುತ್ತವೆ.

ಫೋಟೋಗಳಿಗೆ ಆಲ್ಟ್ ಪಠ್ಯ, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ, ಬರೆಯಿರಿ. ‘ರೂಮ್ ಫೋಟೋ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಎರಡು ಮಂಚದ ರೂಮು, ಕಿಟಕಿಯಾಚೆ ಕಾಫಿ ತೋಟ’ ಅನ್ನಿ. ಬರೀ ಅಲಂಕಾರದ ಚಿತ್ರವಾದರೆ ಆಲ್ಟ್ ಜಾಗ ಇರಲಿ, ಆದರೆ ಖಾಲಿ ಇರಲಿ. ಅದನ್ನು ತೆಗೆದೇಬಿಟ್ಟರೆ ಕೆಲವು ಸಲ ಫೈಲಿನ ಹೆಸರನ್ನೇ ಓದುತ್ತದೆ.

ಜಾಸ್ತಿ ಜನ ಸಿಕ್ಕಿಬೀಳುವುದು ಬುಕಿಂಗ್ ಫಾರ್ಮಿನಲ್ಲಿ. ಪ್ರತಿ ಡಬ್ಬಿಗೂ ಸರಿಯಾದ ಲೇಬಲ್ ಬೇಕು, ಒಳಗಿನ ತಿಳಿ ಬೂದು ಅಕ್ಷರ ಟೈಪ್ ಮಾಡಿದ ಕೂಡಲೇ ಮಾಯವಾಗುತ್ತದೆ. ತಾರೀಕಿನ ಕ್ಯಾಲೆಂಡರ್ ಮೌಸಿಗೆ ಮಾತ್ರ ಬಗ್ಗುವಂತಿದ್ದರೆ ಟೈಪ್ ಮಾಡಲೂ ಬಿಡಿ. ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀ ಒತ್ತುತ್ತಾ ಕೊನೆಯವರೆಗೆ ಹೋಗಿ. ಎಲ್ಲಿದ್ದೀರಿ ಅಂತ ತೋರಿಸುವ ಗೆರೆಯನ್ನು ಚಂದಕ್ಕೋಸ್ಕರ ತೆಗೆಸಬೇಡಿ.

ತೋಟದ ಫೋಟೋ ಮೇಲೆ ತಿಳಿ ಹಸಿರು ಅಕ್ಷರ ಬೇಡ. ವೆಬ್‌ಸೈಟು ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನುವ ಡಬ್ಲ್ಯುಸಿಎಜಿ ನಿಯಮದ ಎಎ ಮಟ್ಟಕ್ಕೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸ) ಇರಬೇಕು.

ಇನ್ನೊಂದು, ಗಾಡಿ ಬಾಗಿಲವರೆಗೆ ಬರುತ್ತದಾ, ಎಷ್ಟು ಮೆಟ್ಟಿಲಿದೆ, ಬಚ್ಚಲಿನೊಳಗೆ ವೀಲ್‌ಚೇರ್ ತಿರುಗುತ್ತದಾ, ಇದನ್ನೂ ಇದ್ದದ್ದು ಇದ್ದ ಹಾಗೆ ಬರೆಯಿರಿ.