ಮಂಗಳದಲ್ಲಿ ಹತ್ತಾರು ವರ್ಷ ಬಾಳೋ ರೋಬೋಟ್ ನೆಲೆ ಡಿಸೈನ್ ಮಾಡೋದು ಹೇಗೆ

ಮೊದ್ಲು ಕರೆಂಟ್ ವಿಷ್ಯ ತೀರ್ಮಾನ ಮಾಡ್ಕೊಳ್ಳಿ, ಕ್ಯಾಮೆರಾ ಡ್ರಿಲ್ಲು ಎಲ್ಲಾ ಆಮೇಲೆ. ಬರೀ ಸೋಲಾರ್ ನಂಬ್ಕೊಂಡ್ರೆ ಧೂಳು ಬಿಡಲ್ಲ, 2018ರ ಬಿರುಗಾಳಿಲಿ ಮಲಗಿದ ಆಪರ್ಚುನಿಟಿ ರೋವರ್ ಮತ್ತೆ ಏಳ್ಲೇ ಇಲ್ಲ, ಇನ್‌ಸೈಟ್ ಲ್ಯಾಂಡರ್ ಪ್ಯಾನೆಲ್ ಮೇಲೆ ಧೂಳು ಕೂತು ಕೂತು 2022ರ ಡಿಸೆಂಬರ್‌ಗೆ ಸುಮ್ನಾಯ್ತು. ಅದನ್ನ ಉಳಿಸೋಕೆ 2021ರಲ್ಲಿ ಏನ್ ಮಾಡಿದ್ರು ನೋಡಿ, ರೋಬೋಟ್ ಕೈಯಿಂದ ಮರಳು ಎತ್ತಿ ಪ್ಯಾನೆಲ್ ಹತ್ರ ಸುರಿದ್ರು, ಗಾಳಿಗೆ ಹಾರಿದ ದಪ್ಪ ಕಣಗಳು ಸಣ್ಣ ಧೂಳನ್ನ ಜೊತೆಗೇ ಎಳ್ಕೊಂಡು ಹೋದ್ವು, ಪವರ್ ಸ್ವಲ್ಪ ಏರ್ತು. ಎಂಥಾ ತಲೆ ಅಲ್ವಾ!

ಆದ್ರೆ ಹತ್ತಾರು ವರ್ಷಕ್ಕೆ ಅದು ಸಾಲಲ್ಲ, ಪ್ಲುಟೋನಿಯಂ-238 ಜನರೇಟರ್ ಬೇಕೇ ಬೇಕು, ಅಂದ್ರೆ ವಿಕಿರಣಶೀಲ ಪ್ಲುಟೋನಿಯಂ ತಾನಾಗೇ ಕೊಡೋ ಬಿಸಿಯಿಂದ ಕರೆಂಟ್ ಮಾಡೋ ಯಂತ್ರ. ಕ್ಯೂರಿಯಾಸಿಟಿ ರೋವರ್‌ದು ಶುರುವಲ್ಲಿ ಸುಮಾರು 110 ವಾಟ್ ಕೊಡ್ತಿತ್ತು, ವರ್ಷ ವರ್ಷ ಕಮ್ಮಿ ಆಗ್ತಾ ಹೋಗುತ್ತೆ, ಹಾಗಾಗಿ ಕೊನೇ ವರ್ಷ ಎಷ್ಟು ಸಿಗುತ್ತೆ ಅನ್ನೋ ಲೆಕ್ಕದಲ್ಲೇ ಡಿಸೈನ್ ಮಾಡಿ. ಅದ್ರ ಬಿಸೀನೂ ವೇಸ್ಟ್ ಮಾಡ್ಬೇಡಿ, ಪೈಪಲ್ಲಿ ದ್ರವ ಹರಿಸಿ ಎಲೆಕ್ಟ್ರಾನಿಕ್ಸ್ ಬೆಚ್ಚಗಿಡಿ, ಅಲ್ಲಿ ರಾತ್ರಿ ಮೈನಸ್ 80 ಡಿಗ್ರಿಗೂ ಕೆಳಗೆ ಹೋಗುತ್ತೆ.

ಭೂಮಿಯಿಂದ ಸಿಗ್ನಲ್ ಒಂದ್ ಕಡೆ ಹೋಗೋಕೇ 3ರಿಂದ 22 ನಿಮಿಷ, ಸೂರ್ಯ ಅಡ್ಡ ಬಂದಾಗಂತೂ ಸುಮಾರು ಎರಡು ವಾರ ಕಮಾಂಡ್ ಕಳ್ಸೋ ಹಾಗೇ ಇಲ್ಲ. ಆಗ ನೆಲೆ ತಾನೇ ಯೋಚ್ನೆ ಮಾಡ್ಬೇಕು, ಏನಾದ್ರೂ ಕೆಟ್ರೆ ಸೇಫ್ ಮೋಡ್‌ಗೆ, ಅಂದ್ರೆ ಅಗತ್ಯ ಕೆಲ್ಸ ಮಾತ್ರ ಇಟ್ಕೊಂಡು ಕಾಯೋ ಸ್ಥಿತಿಗೆ, ಹೋಗ್ಬೇಕು.

ಇನ್ನು ರಿಪೇರಿ. ಕ್ಯೂರಿಯಾಸಿಟಿಯ ಅಲ್ಯೂಮಿನಿಯಂ ಚಕ್ರಗಳು ಚೂಪು ಕಲ್ಲಿಗೆ ತೂತು ಬಿದ್ವು, ಬದಲಾಯಿಸೋಕೆ ಅಲ್ಲಿ ಯಾರಿದ್ದಾರೆ? ನಿಮ್ಮ ನೆಲೇಲಿ ಎಲ್ಲಾ ರೋವರ್‌ಗೂ ಒಂದೇ ಅಳತೆ ಬೋಲ್ಟು, ಒಂದೇ ಥರದ ಕನೆಕ್ಟರ್ ಇಡಿ, ಒಂದರ ಚಕ್ರಾನ ಇನ್ನೊಂದು ರೋಬೋಟ್ ಬಿಚ್ಚಿ ಹಾಕೋ ಹಾಗಿರ್ಲಿ.