ಬೀಟ್‌ರೂಟ್ ಹೋಳಿನಲ್ಲಿ ಕೋಶಪೊರೆಯ ಸೋರಿಕೆಯನ್ನು ಗುರುತಿಸುವ ಕ್ರಮ

ಪುಣೆಯಲ್ಲಿ ನಮ್ಮ ಮನೆಗೆ ಬರುವ ಕನ್ನಡ ಮಕ್ಕಳಿಗೆ ಉತ್ಕರ್ಷಣ ಒತ್ತಡವನ್ನು (ಅತಿ ಚುರುಕಾದ ಆಮ್ಲಜನಕಯುಕ್ತ ಅಣುಗಳಿಂದ ಕೋಶಕ್ಕಾಗುವ ಹಾನಿಯನ್ನು) ತಿಳಿಸಲು ನಾನು ಮೊದಲು ಮಾಡಿಸುವುದು ಈ ಪ್ರಯೋಗವನ್ನೇ. ಮಂಡಯಿ ತರಕಾರಿ ಮಾರುಕಟ್ಟೆಯಲ್ಲಿ ಸಿಗುವ ಗಟ್ಟಿಯಾದ ಒಂದು ಬೀಟ್‌ರೂಟ್, ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಡಿಸ್ಟಿಲ್ಡ್ ನೀರು ಇದಕ್ಕೆ ಸಾಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಬಳಸಬಾರದು.

ಬೀಟ್‌ರೂಟಿನ ಕೆಂಪಿಗೆ ಕಾರಣವಾದ ಬೆಟಾನಿನ್ ಕೋಶದೊಳಗಿನ ರಸದಾನಿಯಲ್ಲಿ (ರಸ ತುಂಬಿದ ಚೀಲದಲ್ಲಿ) ಇರುತ್ತದೆ. ಅದು ಹೊರಬರಬೇಕಾದರೆ ರಸದಾನಿಯ ಪೊರೆ ಮತ್ತು ಕೋಶಪೊರೆ ಎರಡನ್ನೂ ದಾಟಬೇಕು. ಆರೋಗ್ಯವಂತ ಕೋಶದಲ್ಲಿ ಈ ಎರಡೂ ಪೊರೆಗಳು ಅದನ್ನು ತಡೆಹಿಡಿಯುತ್ತವೆ. ಪೆರಾಕ್ಸೈಡ್ ಒಳಹೊಕ್ಕು ಕೋಶದಲ್ಲಿರುವ ಕಬ್ಬಿಣದ ಅಯಾನುಗಳೊಡನೆ ವರ್ತಿಸಿದಾಗ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಅತಿ ಚುರುಕಾದ ಕಣ ಹುಟ್ಟುತ್ತದೆ. ಅದು ಪೊರೆಯಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲವೊಂದರಿಂದ ಹೈಡ್ರೋಜನ್ ಕಿತ್ತುಕೊಂಡರೆ, ಹಾನಿಗೊಂಡ ಆ ಅಣು ಆಮ್ಲಜನಕದೊಡನೆ ಸೇರಿ ಪಕ್ಕದ ಅಣುವಿನ ಮೇಲೆರಗುತ್ತದೆ, ಹೀಗೆ ಸರಪಳಿಯಂತೆ ಹಾನಿ ಹಬ್ಬುತ್ತಾ ಹೋಗಿ ಪೊರೆಯ ಜೋಡಣೆ ಸಡಿಲಗೊಳ್ಳುತ್ತದೆ.

ಕನ್ನಡಕ ಮತ್ತು ಕೈಗವಸು ಧರಿಸಿ ಕೆಲಸ ಆರಂಭಿಸಿರಿ. ಬೀಟ್‌ರೂಟನ್ನು ಒಂದೇ ಅಳತೆಯ ಹೋಳುಗಳಾಗಿ ಕತ್ತರಿಸಿ, ನೀರು ಬಣ್ಣಗೊಳ್ಳುವುದು ನಿಲ್ಲುವವರೆಗೆ ತೊಳೆಯಿರಿ. ಚಾಕು ಸೀಳಿದ ಕೋಶಗಳ ಬಣ್ಣ ಉಳಿದರೆ ಮುಂದಿನ ಫಲಿತಾಂಶವೆಲ್ಲ ಕೆಡುತ್ತದೆ, ಆದ್ದರಿಂದ ಇಲ್ಲಿ ಅವಸರ ಬೇಡ. ನಾಲ್ಕು ಲೋಟಗಳಲ್ಲಿ ತಲಾ 30 ಮಿ.ಲೀ. ದ್ರವವಿರಲಿ: ಮೊದಲನೆಯದರಲ್ಲಿ ಬರಿಯ ನೀರು, ಎರಡನೆಯದರಲ್ಲಿ 3 ಮಿ.ಲೀ. ಪೆರಾಕ್ಸೈಡಿಗೆ 27 ಮಿ.ಲೀ. ನೀರು (ಶೇ. 0.3), ಮೂರನೆಯದರಲ್ಲಿ 10 ಮಿ.ಲೀ.ಗೆ 20 ಮಿ.ಲೀ. ನೀರು (ಶೇ. 1), ನಾಲ್ಕನೆಯದರಲ್ಲಿ ಶೇ. 3ರ ದ್ರಾವಣವೇ. ಪ್ರತಿಯೊಂದರಲ್ಲೂ ಐದೈದು ಹೋಳುಗಳನ್ನು 30 ನಿಮಿಷ ಮುಳುಗಿಸಿಡಿರಿ. ಏಳುವ ಗುಳ್ಳೆಗಳು ಆಮ್ಲಜನಕ. ಹೋಳಿನಲ್ಲಿರುವ ಕ್ಯಾಟಲೇಸ್ ಕಿಣ್ವವು ಪೆರಾಕ್ಸೈಡನ್ನು ಒಡೆಯುತ್ತಿರುವುದರ ಗುರುತು ಅದು.

ಬಹಳ ಮಂದಿ ಎಡವುವುದು ಇದರ ಮುಂದಿನ ಹಂತದಲ್ಲಿ. ಪೆರಾಕ್ಸೈಡ್ ಪೊರೆಯನ್ನು ಕೆಡಿಸುವುದಲ್ಲದೆ ಹೊರಬಂದ ಬೆಟಾನಿನ್ನಿನ ಬಣ್ಣವನ್ನೂ ಅಳಿಸುತ್ತದೆ. ಹಾಗಾಗಿ ಅತಿ ಪ್ರಬಲ ದ್ರಾವಣದ ಲೋಟವೇ ತಿಳಿಯಾಗಿ ಕಂಡು, ಅಲ್ಲಿ ಸೋರಿಕೆಯೇ ಆಗಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ಆದ್ದರಿಂದ ಹೋಳುಗಳನ್ನು ಹೊರತೆಗೆದು, ಬೇಗನೆ ತೊಳೆದು, ಹೊಸ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಂದು ಗಂಟೆ ಇರಿಸಿ, ಆ ನೀರಿನ ಬಣ್ಣವನ್ನು ಬಿಳಿ ಕಾಗದದ ಮುಂದೆ ಹೋಲಿಸಿ ನೋಡಿರಿ. ಕಾಲೇಜಿನ ಬಣ್ಣಮಾಪಕ ದೊರೆತರೆ 530ರಿಂದ 540 ನ್ಯಾನೋಮೀಟರ್ ತರಂಗಾಂತರದ ಸುತ್ತ ಅಳೆಯಬಹುದು.

ಬಣ್ಣ ಅಳಿಸಿಹೋಗುವ ಪ್ರಮಾಣವನ್ನೂ ಬೇರೆಯಾಗಿ ಪರೀಕ್ಷಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲವು ಹೋಳುಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಕರಗಿಸಿದರೆ ಮಂಜಿನ ಹರಳುಗಳು ಪೊರೆಗಳನ್ನು ಹರಿದು ಕಡುಗೆಂಪು ನೀರು ಸಿಗುತ್ತದೆ. ಕುದಿಸಿದರೂ ಬಣ್ಣ ಬಿಡುತ್ತದೆಯಾದರೂ ಶಾಖಕ್ಕೆ ಬೆಟಾನಿನ್ ಕೆಡುವುದರಿಂದ ಆ ದಾರಿ ಬೇಡ. ಈ ಕೆಂಪು ನೀರಿನ ಒಂದು ಪಾಲಿಗೆ ಪೆರಾಕ್ಸೈಡನ್ನೂ ಮತ್ತೊಂದಕ್ಕೆ ಅಷ್ಟೇ ಡಿಸ್ಟಿಲ್ಡ್ ನೀರನ್ನೂ ಬೆರೆಸಿ, 30 ನಿಮಿಷಗಳ ನಂತರ ಎರಡರ ಬಣ್ಣವನ್ನು ಹೋಲಿಸಿರಿ. ಮೇ ತಿಂಗಳ ಪುಣೆಯ ಬಿಸಿಲಿನಲ್ಲಿ ಒಂದು ಲೋಟ ಕಿಟಕಿಯ ಬಳಿಯೂ ಮತ್ತೊಂದು ನೆರಳಿನಲ್ಲೂ ಇದ್ದರೆ ಶಾಖವೇ ಸೋರಿಕೆಯಲ್ಲಿ ವ್ಯತ್ಯಾಸ ತರುತ್ತದೆ. ಎಲ್ಲ ಲೋಟಗಳನ್ನೂ ಒಂದೇ ತಟ್ಟೆಯಲ್ಲಿ, ಒಂದೇ ಹೊತ್ತಿಗೆ, ನೆರಳಿನಲ್ಲಿ ಇರಿಸಿರಿ.