ಲಿನಕ್ಸ್‌ನಲ್ಲಿ ನೆಟ್ ಹೋಗಿ ಬಂದು ಮಾಡುತ್ತಿದೆಯಾ? ಮೊದಲು ಜ್ಯಾಕ್ ಬಿಚ್ಚಿ ನೋಡಿ

ಲ್ಯಾನ್ ಕೇಬಲ್ ಹಾಕಿರುವ ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್ ಆಗಾಗ ಕಟ್ ಆದರೆ ನಮ್ಮ ತುಮಕೂರಿನಲ್ಲಿ ಜನ ಮೊದಲು ಮಾಡುವ ಕೆಲಸ ಉಬುಂಟು ತೆಗೆದು ಲಿನಕ್ಸಿನದ್ದೇ ಇನ್ನೊಂದು ಬಗೆಯಾದ ಮಿಂಟ್ ಹಾಕುವುದು. ಅದಕ್ಕೂ ಬಗ್ಗದಿದ್ದರೆ ವಿಂಡೋಸ್. ಆಮೇಲೆ ಅದರಲ್ಲೂ ನೆಟ್ ಹೋಗುತ್ತದೆ. ಹೋಗದೆ ಇನ್ನೇನು? ತೊಂದರೆ ಇರುವುದು ಕೇಬಲ್ ತುದಿಯ ಆ ಪುಟ್ಟ ಪ್ಲಾಸ್ಟಿಕ್ ಜ್ಯಾಕಿನಲ್ಲಿ, ಅದನ್ನು ಯಾರೂ ಮುಟ್ಟೇ ಇರುವುದಿಲ್ಲ.

ಹಾಗಾಗಿ ಈ ಕ್ರಮದಲ್ಲೇ ಹೋಗಿ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಟರ್ಮಿನಲ್ ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.

ಹಂತ 1: ಕಟ್ ಆಗುತ್ತಿರುವುದು ಎಲ್ಲಿ?

‘ಐಪಿ ರೂಟ್’ ಅಂತ ಕೊಡಿ. ‘ಡೀಫಾಲ್ಟ್’ ಎಂದು ಶುರುವಾಗುವ ಸಾಲಿನಲ್ಲಿ ನಿಮ್ಮ ರೂಟರಿನ ನಂಬರ್ ಇರುತ್ತದೆ, ಎಷ್ಟೋ ಮನೆಗಳಲ್ಲಿ 192.168.1.1. ಈಗ ಎರಡು ಟರ್ಮಿನಲ್ ತೆರೆದು ಒಂದರಲ್ಲಿ ಆ ನಂಬರಿಗೆ, ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರ್) ಪಿಂಗ್ ಹಾಕಿ ಬಿಟ್ಟುಬಿಡಿ. ಪಿಂಗ್ ಅಂದರೆ ಆ ಕಡೆಯಿಂದ ಉತ್ತರ ಬರುತ್ತಿದೆಯಾ ಅಂತ ಮತ್ತೆ ಮತ್ತೆ ಕೇಳುವ ಕಮಾಂಡ್. ನೆಟ್ ಹೋದಾಗ ಬಂದು ನೋಡಿ. ರೂಟರಿನದ್ದು ಸರಿಯಾಗಿ ಓಡುತ್ತಿದ್ದು 8.8.8.8 ಮಾತ್ರ ನಿಂತಿದ್ದರೆ ನೆಟ್ ಕೊಟ್ಟವರಿಗೆ ಫೋನ್ ಮಾಡಿ, ಮುಂದೆ ಓದುವ ಅಗತ್ಯವಿಲ್ಲ. ಎರಡೂ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ಸರ್ವರ್) ಬದಲಿಸಿ ನೋಡಿ. ರೂಟರಿನ ಪಿಂಗೇ ತಪ್ಪುತ್ತಿದೆಯಾ? ಹಾಗಾದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ.

ಹಂತ 2: ಸ್ಪೀಡ್ ಎಷ್ಟಿದೆ ನೋಡಿ

‘ಐಪಿ ಲಿಂಕ್’ ಕೊಟ್ಟರೆ ಪೋರ್ಟಿನ ಹೆಸರು ಸಿಗುತ್ತದೆ, ಇಎನ್‌ಪಿ3ಎಸ್0 ತರಹ. ‘ಸುಡೊ ಈಥ್‌ಟೂಲ್’ ಬರೆದು ಆಮೇಲೆ ಆ ಹೆಸರು ಹಾಕಿ, ಸ್ಪೀಡ್ ಎಂಬ ಸಾಲು ನೋಡಿ. ಅಲ್ಲಿರುವುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. 1000 ಇರಬೇಕಾದ ಕಡೆ 100 ತೋರಿಸುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಕೇಬಲ್ ಒಳಗೆ ಎಂಟು ತಂತಿ. 100ಕ್ಕೆ 1, 2, 3, 6ನೇ ತಂತಿಗಳು ಸಾಕು, 1000ಕ್ಕೆ ಎಂಟೂ ಬೇಕು. ಕಂದು ತಂತಿ ಒಂದು ಬಿಟ್ಟುಕೊಂಡಿದ್ದರೂ ಸಾಮಾನ್ಯವಾಗಿ ನೆಟ್ ಬರುತ್ತದೆ, ಆದರೆ 100ರಲ್ಲಿ. ಅದು ಒಮ್ಮೆ ತಾಗಿ ಒಮ್ಮೆ ಬಿಡುತ್ತಿದ್ದರೆ ಲಿಂಕೇ, ಅಂದರೆ ಎರಡು ಪೋರ್ಟುಗಳ ನಡುವಿನ ಸಂಪರ್ಕವೇ, ಬಿದ್ದು ಏಳುತ್ತಿರುತ್ತದೆ. ಒಂದು ಮಾತು: ಕೆಲವು ರೂಟರ್‌ಗಳ ಪೋರ್ಟೇ 100ರದ್ದು. ಡಬ್ಬದ ಮೇಲೆ ಏನು ಬರೆದಿದೆ ಅಂತ ನೋಡಿಕೊಂಡು ಆಮೇಲೆ ಕೇಬಲ್ಲನ್ನು ಬೈಯಿರಿ.

ಈಗ ‘ಸುಡೊ ಡಿಎಂಇಎಸ್‌ಜಿ’ ಕೊಟ್ಟು, ಪಕ್ಕದಲ್ಲಿ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಡಬ್ಲ್ಯು ಹಾಕಿ ಎಂಟರ್ ಒತ್ತಿ. ಆ ಕಿಟಕಿಯನ್ನು ನೋಡುತ್ತಾ ಕೇಬಲ್ಲನ್ನು ಜ್ಯಾಕಿನ ಬುಡದಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ಬಗ್ಗಿಸಿ. ಬಗ್ಗಿಸಿದಾಗಲೆಲ್ಲ ‘ಲಿಂಕ್ ಈಸ್ ಡೌನ್’ ಅಂತ ಹೊಸ ಸಾಲು ಬಿದ್ದರೆ ಕಳ್ಳ ಸಿಕ್ಕಿದ. ಆ ಕಡೆ ರೂಟರಿನ ತುದಿಯನ್ನೂ ಹೀಗೇ ನೋಡಿ.

ಇಲ್ಲಿ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಎರಡು ಪೋರ್ಟುಗಳು ತಾವೇ ಮಾತಾಡಿಕೊಂಡು ಸ್ಪೀಡ್ ಗೊತ್ತುಮಾಡುವ ಆಟೊ ನೆಗೋಷಿಯೇಶನ್ ಆಫ್ ಮಾಡಿ 100 ಫುಲ್ ಡ್ಯೂಪ್ಲೆಕ್ಸ್ (ಒಟ್ಟಿಗೇ ಕಳಿಸುವುದು, ಪಡೆಯುವುದು ಎರಡೂ) ಅಂತ ಕೈಯಿಂದ ಕೂರಿಸುವುದು. ಬೇಡವೇ ಬೇಡ. ಆ ಕಡೆಯ ಪೋರ್ಟಿಗೆ ಮಾತುಕತೆ ನಡೆಯದೆ ಅದು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಹಾಫ್ ಡ್ಯೂಪ್ಲೆಕ್ಸಿಗೆ ಇಳಿದುಬಿಡುತ್ತದೆ. ಲಿಂಕ್ ಲೈಟು ಚೆನ್ನಾಗಿ ಹತ್ತಿರುತ್ತದೆ, ಫೈಲ್ ಕಳಿಸಲು ಹೋದರೆ ತೆವಳುತ್ತದೆ.

ಹಂತ 3: ಜ್ಯಾಕ್ ಹೊಸದಾಗಿ ಹಾಕುವುದು

ಜಾಸ್ತಿ ಕೆಡುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಹಳೆಯ ಜ್ಯಾಕನ್ನು ಕತ್ತರಿಸಿ ಬಿಸಾಡಿ, ಅದನ್ನೇ ಮತ್ತೆ ಒತ್ತಿ ಸರಿಮಾಡುವ ಆಸೆ ಬಿಡಿ. ಹೊರಗಿನ ಸಿಪ್ಪೆಯನ್ನು ಒಂದು ಇಂಚಿನಷ್ಟು ತೆಗೆಯಿರಿ, ಒಳಗಿನ ಬಣ್ಣದ ತಂತಿಗೆ ಬ್ಲೇಡು ತಾಗಬಾರದು. ಸ್ವಲ್ಪ ಗೀರು ಬಿದ್ದರೂ ಇವತ್ತು ನಡೆದು ಮುಂದಿನ ತಿಂಗಳು ಮುರಿಯುತ್ತದೆ.

ಈಗ ಬಣ್ಣ. ಎಡದಿಂದ ಹೀಗೆ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹಸಿರು ಜೋಡಿಯ ಮಧ್ಯೆ ನೀಲಿ ಜೋಡಿ ತೂರಿಕೊಂಡಿರುವುದು ನೋಡಿದಿರಲ್ಲ, ಎಲ್ಲರೂ ಎಡವುವುದು ಅಲ್ಲೇ. ಕೇಬಲ್ ಎಳೆಯಲು ಬಂದ ಹುಡುಗರು ಸುಮ್ನೆ ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಅಂತ ನೀಟಾಗಿ ಸಾಲಾಗಿ ಜೋಡಿಸಿಬಿಡುತ್ತಾರೆ. ಕೇಬಲ್ ಟೆಸ್ಟರಿಗೆ ಹಾಕಿದರೆ ಒಂದರಿಂದ ಎಂಟರವರೆಗೆ ಲೈಟು ಸರಿಯಾಗಿ ಹತ್ತುತ್ತದೆ. ‘ನೋಡಿ ಸಾರ್, ಪರ್ಫೆಕ್ಟ್’ ಅಂತ ದುಡ್ಡು ಇಸ್ಕೊಂಡು ಹೋಗುತ್ತಾರೆ. ಅದು ಪರ್ಫೆಕ್ಟ್ ಅಲ್ಲ. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಸಿಗ್ನಲ್ ಹೋಗುತ್ತದೆ. ಹೊರಗಿನ ವಿದ್ಯುತ್ ಗಲಾಟೆ ಎರಡಕ್ಕೂ ಸಮನಾಗಿ ತಾಗುತ್ತದೆ, ಆ ಕಡೆಯ ಪೋರ್ಟು ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗಲಾಟೆ ವಜಾ ಆಗುತ್ತದೆ. ತಂತಿಗಳನ್ನು ಜೋಡಿಜೋಡಿಯಾಗಿ ಹೆಣೆದಿರುವುದು ಇದಕ್ಕೇ. 3 ಮತ್ತು 6 ಒಂದೇ ಜೋಡಿಯದ್ದಾಗಿರಬೇಕು. ನೀಟಾಗಿ ಜೋಡಿಸಿದ ಆ ಕೇಬಲ್ಲಿನಲ್ಲಿ 3 ಹಸಿರು ಜೋಡಿಯದ್ದು, 6 ನೀಲಿ ಜೋಡಿಯದ್ದು. ಎರಡು ಮೀಟರಿನ ತುಂಡಾದರೆ ಹೇಗೋ ನಡೆಯುತ್ತದೆ, ಮಹಡಿಯಿಂದ ಕೆಳಗಿನ ಅಂಗಡಿಗೆ ಇಳಿಸಿದ ಕೇಬಲ್ಲಾದರೆ ಕಾಟ ಶುರು. ಟೆಸ್ಟರ್ ನೋಡುವುದು ತಂತಿ ತುದಿಯಿಂದ ತುದಿಗೆ ಮುಟ್ಟಿದೆಯೇ ಅಂತ ಮಾತ್ರ.

ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಬಣ್ಣ ಜೋಡಿಸಿದ ಮೇಲೆ ತುದಿಗಳನ್ನು ಒಂದೇ ಸಮ ಕತ್ತರಿಸಿ. ಜ್ಯಾಕಿನ ಕ್ಲಿಪ್ಪು ಕೆಳಗೆ, ಹಿತ್ತಾಳೆ ಬಣ್ಣದ ಪಿನ್ನು ಮೇಲೆ ಇರುವಂತೆ ಹಿಡಿದು ಒಳಗೆ ತಳ್ಳಿ. ಜ್ಯಾಕಿನ ಮೂತಿ ಕಡೆಯಿಂದ ನೋಡಿದಾಗ ಎಂಟು ತಾಮ್ರದ ಚುಕ್ಕಿ ಕಾಣಬೇಕು. ಏಳು ಕಂಡರೆ ಹೊರಗೆ ಎಳೆದು ಮತ್ತೆ ಶುರುಮಾಡಿ. ಹೊರಗಿನ ಸಿಪ್ಪೆಯೂ ಜ್ಯಾಕಿನೊಳಗೆ ಹೋಗಿರಬೇಕು. ಕ್ರಿಂಪ್ ಮಾಡಿದಾಗ, ಅಂದರೆ ಕ್ರಿಂಪಿಂಗ್ ಇಕ್ಕಳದಲ್ಲಿ ಜ್ಯಾಕನ್ನು ಗಟ್ಟಿಯಾಗಿ ಒತ್ತಿದಾಗ, ಹಿಂಬದಿಯ ಪ್ಲಾಸ್ಟಿಕ್ ಅಚ್ಚು ಆ ಸಿಪ್ಪೆಯ ಮೇಲೆ ಕೂತು ಭಾರ ಹೊರುತ್ತದೆ. ಜ್ಯಾಕಿನ ಹಿಂದೆ ಬಣ್ಣದ ತಂತಿಗಳು ಬರಿಮೈಯಲ್ಲಿ ಕಾಣುತ್ತಿದ್ದರೆ ಆ ಜ್ಯಾಕಿನ ಆಯಸ್ಸು ಕಸ ಗುಡಿಸುವವರು ಒಂದು ಸಲ ಟೇಬಲ್ ಎಳೆಯುವವರೆಗೆ.

ಕೇಬಲ್ ಬಗ್ಗೆಯೂ ಹೇಳಬೇಕು. ಅಗ್ಗಕ್ಕೆ ಸಿಗುವ ಎಷ್ಟೋ ರೋಲ್‌ಗಳ ಮೇಲೆ ಕ್ಯಾಟ್ 6 (ಲ್ಯಾನ್ ಕೇಬಲ್ಲಿನ ಒಂದು ದರ್ಜೆ) ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ, ಬೆಳ್ಳಗೆ ಹೊಳೆದರೆ ವಾಪಸ್ ಕೊಟ್ಟು ಬನ್ನಿ. ನಾಲ್ಕು ಸಲ ಬಗ್ಗಿಸಿದರೆ ಮುರಿಯುವ ಮಾಲು ಅದು.

ಹಂತ 4: ದಾರಿ

ಕೇಬಲ್ ಬಂದ ದಾರಿಯಲ್ಲಿ ಒಮ್ಮೆ ನಡೆಯಿರಿ. ಟೆರೇಸಿನಿಂದ ತೆಂಗಿನ ಮರಕ್ಕೆ, ಅಲ್ಲಿಂದ ಕಿಟಕಿಗೆ ಎಳೆದಿದ್ದರೆ ಅಳಿಲು ಕಡಿದಿರಬಹುದು. ಮಧ್ಯೆ ಹೆಣೆದು ಇನ್ಸುಲೇಶನ್ ಟೇಪ್ ಸುತ್ತಿದ ಜಾಯಿಂಟ್ ಸಿಕ್ಕರೆ ಯೋಚಿಸಬೇಡಿ, ಇಡೀ ಕೇಬಲ್ ಬದಲಿಸಿ. ಒಟ್ಟು ಉದ್ದ 100 ಮೀಟರ್ ದಾಟಬಾರದು. ಬೋರ್‌ವೆಲ್ ಮೋಟರಿನ ವೈರಿನ ಜೊತೆಗೇ ಕಟ್ಟಿದ್ದರೆ ಬಿಡಿಸಿ ದೂರ ಇಡಿ. ಮೋಟರ್ ಹಾಕಿದ ತಕ್ಷಣ ಲ್ಯಾನ್ ಕೇಬಲ್‌ಗಳು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಲೈಟೆಲ್ಲಾ ಒಟ್ಟಿಗೆ ಆರಿ ಹತ್ತುತ್ತಿದ್ದರೆ ಅದು ಕೇಬಲ್ಲಿನದ್ದಲ್ಲ, ವೋಲ್ಟೇಜ್ ಇಳಿದು ಅಡಾಪ್ಟರ್ ಕೈಕೊಡುತ್ತಿದೆ. ಯುಪಿಎಸ್‌ಗೆ ಹಾಕಿ.

ಹಂತ 5: ಇಷ್ಟಾದ ಮೇಲೆ ಸಾಫ್ಟ್‌ವೇರ್

ಕೇಬಲ್ ಚೆನ್ನಾಗಿದ್ದೂ ಲಿಂಕ್ ಬೀಳುತ್ತಿದ್ದರೆ ಕರೆಂಟ್ ಉಳಿಸುವ ಇಇಇ ಸೌಲಭ್ಯ ಆಫ್ ಮಾಡಿ ನೋಡಿ: ‘ಸುಡೊ ಈಥ್‌ಟೂಲ್’, ಜಾಗ ಬಿಟ್ಟು ಎರಡು ಅಡ್ಡಗೆರೆ, ಅದಕ್ಕೆ ಅಂಟಿಸಿ ‘ಸೆಟ್-ಇಇಇ’, ಪೋರ್ಟಿನ ಹೆಸರು, ‘ಇಇಇ ಆಫ್’. ರೀಸ್ಟಾರ್ಟ್ ಮಾಡಿದರೆ ಇದು ಅಳಿಸಿಹೋಗುತ್ತದೆ, ಗುಣ ಕಂಡರೆ ಮಾತ್ರ ಕಾಯಂ ಮಾಡಿ. ಲಿಂಕ್ ಬೀಳದೆಯೇ ನೆಟ್ ಮಾಯವಾಗುತ್ತಿದ್ದರೆ ಅದೇ ಐಪಿ ನಂಬರನ್ನು ಪ್ರಿಂಟರಿಗೋ ಸಿಸಿಟಿವಿ ಡಬ್ಬಕ್ಕೋ ಯಾರಾದರೂ ಕೈಯಿಂದ ಕೊಟ್ಟಿದ್ದಾರಾ ನೋಡಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಡ್ರೈವರ್ ತಂದು ಹಾಕುವುದು ಕೊನೆಯ ಮಾತು, ಲಿನಕ್ಸಿನ ತಿರುಳಾದ ಕರ್ನಲ್‌ನ ಅಪ್‌ಡೇಟ್ ಮೊದಲು.

ಹೋದ ಮಳೆಯಲ್ಲಿ ಸಿಡಿಲು ಬಡಿದ ಮೇಲೆ ಶುರುವಾದ ಕಾಟವಾದರೆ ಪೋರ್ಟೇ ಅರ್ಧ ಸುಟ್ಟಿರಬಹುದು. ಮದರ್‌ಬೋರ್ಡ್ ಬದಲಿಸಬೇಡಿ. ಯಾರಿಂದಾದರೂ ಯುಎಸ್‌ಬಿಗೆ ಹಾಕುವ ಗಿಗಾಬಿಟ್ ಲ್ಯಾನ್ ಅಡಾಪ್ಟರ್ ಇಸ್ಕೊಂಡು ಅದೇ ಕೇಬಲ್ಲಿಗೆ ಒಂದು ದಿನ ಓಡಿಸಿ. ಪಿಂಗ್ ತಪ್ಪದಿದ್ದರೆ ಮಾಮೂಲಿ ಲ್ಯಾನ್ ಕಾರ್ಡ್ ಒಂದು ತಂದು ಸ್ಲಾಟಿಗೆ ಸಿಕ್ಕಿಸಿ.